ಆರ್ಡರ್ ರದ್ದಾಯಿತು, ಲುಕ್ಸಾನು ಯಾರ ತಲೆಗೆ?

ದಕ್ಷಿಣ ದೆಹಲಿಯ ಮುನಿರ್ಕಾದಿಂದ ಈಶಾನ್ಯಕ್ಕೆ ನಾಲ್ಕೈದು ಕಿಲೊಮೀಟರ್ ಹೋದರೆ ಸರೋಜಿನಿ ನಗರದ ಮಾರುಕಟ್ಟೆ. ನೈಋತ್ಯಕ್ಕೆ ಹದಿನೈದು ಕಿಲೊಮೀಟರ್ ಆಸುಪಾಸಿನಲ್ಲಿ, ಹರಿಯಾಣದ ಗಡಿಗೆ ಅಂಟಿಕೊಂಡಂತೆ ಕಾಪಸ್‌ಹೇಡಾ. ಮೊದಲನೆಯದು ವಿದೇಶಿ ಬ್ರ್ಯಾಂಡಿನ ಅಂಗಿ ಇನ್ನೂರು ರೂಪಾಯಿಗೆ ಸಿಗುವ ಜಾಗ. ಎರಡನೆಯದು ಅಂಥ ಅಂಗಿ ಹೊಲಿಯುವವರು ಬಾಡಿಗೆಗಿರುವ ಜಾಗ. ಮುನಿರ್ಕಾದ ಇಕ್ಕಟ್ಟು ಗಲ್ಲಿಗಳಲ್ಲಿ ಕೋಣೆ ಹಿಡಿದ ಜೆಎನ್‌ಯು ವಿದ್ಯಾರ್ಥಿಗಳಿಗೆ, ಈಶಾನ್ಯ ರಾಜ್ಯಗಳಿಂದ ಬಂದ ಯುವಕ ಯುವತಿಯರಿಗೆ, ರಾವ್ ತುಲಾರಾಂ ಮಾರ್ಗದ ದೆಹಲಿ ಕರ್ನಾಟಕ ಸಂಘಕ್ಕೆ ಬಂದುಹೋಗುವ ಕನ್ನಡಿಗರಿಗೆ ಮೊದಲ ದಾರಿ ಚೆನ್ನಾಗಿ ಗೊತ್ತು. ಎರಡನೆಯ ದಾರಿ ಹಿಡಿಯುವವರು ಕಡಿಮೆ.

ಸರೋಜಿನಿ ನಗರದ ರಾಶಿಯಿಂದ ಒಂದು ಅಂಗಿ ಎತ್ತಿ ಕಾಲರಿನ ಒಳಭಾಗ ನೋಡಿ. ಲೇಬಲ್ಲನ್ನು ಅರ್ಧಕ್ಕೆ ಕತ್ತರಿಸಿರುತ್ತಾರೆ, ಇಲ್ಲವೇ ಬ್ರ್ಯಾಂಡಿನ ಹೆಸರಿನ ಮೇಲೆ ಕಪ್ಪು ಮಾರ್ಕರಿನಿಂದ ಗೆರೆ ಎಳೆದಿರುತ್ತಾರೆ. ಪಕ್ಕದ ಹೊಲಿಗೆಯಲ್ಲಿ ಸಿಕ್ಕಿಕೊಂಡ ಸಣ್ಣ ಪಟ್ಟಿ ಮಾತ್ರ ಉಳಿದಿರುತ್ತದೆ: ಒಗೆಯುವ ಬಗೆ, ಅಳತೆ, ‘ಮೇಡ್ ಇನ್ ಇಂಡಿಯಾ’. ಬೆಂಗಳೂರಿನಲ್ಲಿ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಫಲಕದ ಅಂಗಡಿ ಹೊಕ್ಕವರಿಗೂ ಈ ಕತ್ತರಿಸಿದ ಲೇಬಲ್ ಹೊಸದಲ್ಲ. ಹೀಗೆ ಬೀದಿಗೆ ಬರುವ ಮಾಲಿನಲ್ಲಿ ಮೂರು ಬಗೆ. ಆರ್ಡರಿಗಿಂತ ತುಸು ಹೆಚ್ಚಾಗಿ ಹೊಲಿದದ್ದು ಒಂದು. ಚೆಕಿಂಗ್‌ನಲ್ಲಿ ರಿಜೆಕ್ಟ್ ಆದದ್ದು ಇನ್ನೊಂದು. ಮೂರನೆಯದು, ಎಲ್ಲ ಸರಿಯಾಗಿ ಹೊಲಿದು ಮುಗಿದ ಮೇಲೆ ಕೊಳ್ಳುವವರು ಬೇಡ ಎಂದದ್ದು. ಈ ಮೂರನೆಯ ಬಗೆಯ ಅಂಗಿಯ ಕೂಲಿ ಯಾರು ಕೊಟ್ಟರು ಎಂದು ಕೇಳಿಕೊಂಡು ಹೋದರೆ 2020ರ ಮಾರ್ಚ್ ತಿಂಗಳಿಗೆ ಹೋಗಿ ನಿಲ್ಲುತ್ತೇವೆ.

ಅಪಾಯವೆಲ್ಲ ಕೆಳಗಿನವರಿಗೆ

ಜಗತ್ತಿನ ದೊಡ್ಡ ಫ್ಯಾಷನ್ ಬ್ರ್ಯಾಂಡ್‌ಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಹೊಲಿಗೆ ಕಾರ್ಖಾನೆ ಇಲ್ಲ. ವಿನ್ಯಾಸ ಅವರದು, ಅಂಗಡಿ ಅವರದು, ಜಾಹೀರಾತು ಅವರದು. ನಡುವಿನ ಕೆಲಸಕ್ಕೆ ಬೆಂಗಳೂರು, ತಿರುಪ್ಪೂರು, ಗುರುಗ್ರಾಮ, ಢಾಕಾಗಳ ಕಾರ್ಖಾನೆಗಳಿಗೆ ಪರ್ಚೇಸ್ ಆರ್ಡರ್ ಬರುತ್ತದೆ. ಆರ್ಡರ್ ಹಿಡಿದ ಕಾರ್ಖಾನೆಯವರು ತಮ್ಮ ದುಡ್ಡಿನಲ್ಲೋ ಬ್ಯಾಂಕ್ ಸಾಲದಲ್ಲೋ ಬಟ್ಟೆ, ಗುಂಡಿ, ಜಿಪ್, ದಾರ ತರಿಸಬೇಕು. ಕಟಿಂಗ್, ಹೊಲಿಗೆ, ಫಿನಿಶಿಂಗ್, ಪ್ಯಾಕಿಂಗ್ ಮುಗಿಸಬೇಕು. ತಿಂಗಳು ತಿಂಗಳು ಸಂಬಳ ಕೊಡಬೇಕು. ಮಾಲು ಹಡಗು ಹತ್ತಿ ಎರಡು ಮೂರು ತಿಂಗಳಾದ ಮೇಲೆ ಬ್ರ್ಯಾಂಡಿನಿಂದ ಹಣ ಬರುತ್ತದೆ. ವ್ಯಾಪಾರ ಚೆನ್ನಾಗಿರುವಾಗಲೂ ಬಡ ದೇಶದ ಕಾರ್ಖಾನೆಯೇ ಶ್ರೀಮಂತ ದೇಶದ ಬ್ರ್ಯಾಂಡಿಗೆ ಬಡ್ಡಿಯಿಲ್ಲದ ಸಾಲ ಕೊಡುವ ಏರ್ಪಾಡು ಇದು.

ವಾರಕ್ಕೊಂದು ಹೊಸ ವಿನ್ಯಾಸ, ಕೈಗೆಟುಕುವ ಬೆಲೆ ಎನ್ನುವ ಫಾಸ್ಟ್ ಫ್ಯಾಷನ್ ಈ ಏರ್ಪಾಡನ್ನು ಇನ್ನಷ್ಟು ಬಿಗಿ ಮಾಡಿತು. ಆರ್ಡರ್ ಚಿಕ್ಕದಾಯಿತು, ಗಡುವು ಕಿರಿದಾಯಿತು, ಪೀಸಿಗೆ ಕೊಡುವ ದರ ಇಳಿಯಿತು. ಫ್ಲೋರಿನಲ್ಲಿ ಅದರ ಹೆಸರು ‘ಟಾರ್ಗೆಟ್’. ಗಂಟೆಗೆ ಇಷ್ಟು ಪೀಸ್ ಆಗದಿದ್ದರೆ ಸೂಪರ್‌ವೈಸರ್ ಬೈಗುಳ, ಊಟದ ಸಮಯಕ್ಕೆ ಕತ್ತರಿ, ಸಂಜೆ ಪುಕ್ಕಟೆ ದುಡಿಮೆ.

ಕೋವಿಡ್‌ನಿಂದ ಯುರೋಪು, ಅಮೆರಿಕದ ಅಂಗಡಿಗಳು ಮುಚ್ಚಿದಾಗ ಬ್ರ್ಯಾಂಡ್‌ಗಳು ಕರಾರಿನಲ್ಲಿದ್ದ ‘ಫೋರ್ಸ್ ಮಜೂರ್’ ಸಾಲನ್ನು ಹುಡುಕಿ ತೆಗೆದವು. ಮನುಷ್ಯರ ಕೈಮೀರಿದ ಅನಾಹುತ ಬಂದರೆ ಕರಾರು ಪಾಲಿಸಬೇಕಿಲ್ಲ ಎನ್ನುವ ಸಾಲು ಅದು. ಮುಂದಿನ ಆರ್ಡರ್ ನಿಲ್ಲಿಸಿದ್ದರೆ ಅದು ಬೇರೆ ಮಾತು. ಹೊಲಿದು ಡಬ್ಬಕ್ಕೆ ತುಂಬಿದ್ದನ್ನೂ ಬೇಡವೆಂದರು. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಕ್ ಆ್ಯನರ್ 2020ರ ಮಾರ್ಚ್ ಕೊನೆಯ ವಾರದಲ್ಲಿ ಬಾಂಗ್ಲಾದೇಶದ ಕಾರ್ಖಾನೆಗಳ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಆರ್ಡರ್ ರದ್ದು ಮಾಡಿದ ಕೊಳ್ಳುವವರಲ್ಲಿ ಶೇ 72.1ರಷ್ಟು ಮಂದಿ ಆಗಲೇ ಖರೀದಿಸಿದ್ದ ಬಟ್ಟೆಯ ಹಣ ಕೊಡಲು ಒಪ್ಪಲಿಲ್ಲ. ಶೇ 91.3ರಷ್ಟು ಮಂದಿ ಹೊಲಿಗೆಯ ಖರ್ಚು ಕೊಡಲು ಒಪ್ಪಲಿಲ್ಲ. ಆ ಹೊತ್ತಿಗಾಗಲೇ ಹತ್ತು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡಿದ್ದರು, ಇಲ್ಲವೇ ಸಂಬಳವಿಲ್ಲದೆ ಮನೆಗೆ ಹೋಗಿದ್ದರು.

ಕೈಯಲ್ಲಿ ಕಾಸಿರಲಿಲ್ಲ ಎಂಬ ಸಬೂಬು ಎಲ್ಲರಿಗೂ ಒಪ್ಪುವುದಿಲ್ಲ. ಅಮೆರಿಕದ ಕೋಲ್ಸ್ ಕಂಪೆನಿ ದೊಡ್ಡ ಮೊತ್ತದ ಆರ್ಡರ್‌ಗಳನ್ನು ರದ್ದು ಮಾಡಿದ ಬೆನ್ನಿಗೇ ತನ್ನ ಷೇರುದಾರರಿಗೆ 10.9 ಕೋಟಿ ಡಾಲರ್ ಲಾಭಾಂಶ ಹಂಚಿತು. ಇದನ್ನು ಕಂಡು ಹುಟ್ಟಿದ್ದು ‘ಪೇ ಅಪ್’ ಅಭಿಯಾನ. ಕೊಟ್ಟ ಆರ್ಡರಿನ ಹಣ ಪಾವತಿಸಿ ಎಂಬ ಒಂದೇ ಬೇಡಿಕೆ ಹಿಡಿದು ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬಿದ ಅಭಿಯಾನ ಅದು. ಎಚ್ ಆ್ಯಂಡ್ ಎಂ, ಝಾರಾದ ಒಡೆತನದ ಇಂಡಿಟೆಕ್ಸ್ ಮೊದಲಾದವು ಹೊಲಿದು ಮುಗಿದ ಹಾಗೂ ಹೊಲಿಯುತ್ತಿದ್ದ ಮಾಲಿಗೆ ಪೂರ್ತಿ ಹಣ ಕೊಡುವುದಾಗಿ ಬೇಗನೆ ಒಪ್ಪಿದವು. ಇನ್ನು ಕೆಲವು ತಿಂಗಳುಗಟ್ಟಲೆ ಸತಾಯಿಸಿದವು. ಬ್ರಿಟನ್ನಿನ ಆರ್ಕೇಡಿಯಾದಂಥ ಸಮೂಹ ಅದೇ ವರ್ಷದ ನವೆಂಬರಿನಲ್ಲಿ ದಿವಾಳಿಯೆದ್ದು ಹೋಯಿತು.

ಆದರೆ ಹಳೆಯ ಬಾಕಿ ತೀರಿಸುವುದು ಬೇರೆ, ಮುಂದಿನ ಆರ್ಡರ್ ಕೊಡುವುದು ಬೇರೆ. ಮೊದಲನೆಯದನ್ನು ಮಾಡಿ ಒಳ್ಳೆಯ ಹೆಸರು ಪಡೆದ ಬ್ರ್ಯಾಂಡಿಗೆ ಹೊಲಿಯುತ್ತಿದ್ದ ಶ್ರೀರಂಗಪಟ್ಟಣದ ಕಾರ್ಖಾನೆಯೊಂದು ಎರಡೇ ತಿಂಗಳಲ್ಲಿ ಬಾಗಿಲು ಹಾಕಿತು. ಆ ಕಥೆಗೆ ಹೋಗುವ ಮುನ್ನ ಕಾಪಸ್‌ಹೇಡಾ ದಾಟಬೇಕು.

ಕಾಗದವಿಲ್ಲದವರ ಊರು

ಕಾಪಸ್‌ಹೇಡಾದಿಂದ ಗಡಿ ದಾಟಿದರೆ ಗುರುಗ್ರಾಮದ ಉದ್ಯೋಗ್ ವಿಹಾರ್. ಉತ್ತರ ಭಾರತದ ಸಿದ್ಧ ಉಡುಪು ರಫ್ತಿನ ದೊಡ್ಡ ಕೇಂದ್ರಗಳಲ್ಲಿ ಇದೊಂದು. ಇಲ್ಲಿಯ ಹೊಲಿಗೆ ಲೋಕಕ್ಕೂ ನಮ್ಮ ಕರ್ನಾಟಕದ ‘ಗಾರ್ಮೆಂಟ್ಸ್’ಗೂ ಅಜಗಜಾಂತರ. ನಮ್ಮಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತವರಲ್ಲಿ ಬಹುಪಾಲು ಹೆಂಗಸರು, ಹೆಚ್ಚಾಗಿ ಸುತ್ತಲ ಹಳ್ಳಿಗಳವರು. ಇಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶಗಳಿಂದ ಒಬ್ಬಂಟಿಯಾಗಿ ಬಂದ ಗಂಡಸರು. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಭಾಗ ಹೊಲಿದು ಮುಂದಕ್ಕೆ ದಾಟಿಸುವ ಬ್ಯಾಚ್ ಪದ್ಧತಿ. ಇಲ್ಲಿ ಅದರ ಜೊತೆಗೆ ಇಡೀ ಉಡುಪನ್ನು ಒಬ್ಬನೇ ಹೊಲಿಯುವ ‘ಫುಲ್ ಪೀಸ್’ ಟೈಲರ್‌ಗಳೂ ಉಂಟು. ಭಾರತದ ಉಡುಪು ಉದ್ಯಮವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಅಲೆಸ್ಸಾಂಡ್ರಾ ಮೆಝಾದ್ರಿ ಈ ಪ್ರಾದೇಶಿಕ ವ್ಯತ್ಯಾಸವನ್ನು 2017ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ವಿವರವಾಗಿ ದಾಖಲಿಸಿದ್ದಾರೆ.

ಇಲ್ಲಿಯ ಬಹಳಷ್ಟು ಟೈಲರ್‌ಗಳನ್ನು ಕೆಲಸಕ್ಕೆ ಕರೆತರುವವನು ಠೇಕೇದಾರ. ಪೀಸಿಗಿಷ್ಟು ಎಂದು ಲೆಕ್ಕ. ಸೀಸನ್ನಿನಲ್ಲಿ ಕೈತುಂಬ ಕೆಲಸ, ಸೀಸನ್ ಮುಗಿದರೆ ಊರಿಗೆ. ನೇಮಕಾತಿ ಪತ್ರ ಇಲ್ಲ, ಪೇ ಸ್ಲಿಪ್ ಇಲ್ಲ, ಎಷ್ಟೋ ಮಂದಿಗೆ ಪಿಎಫ್, ಇಎಸ್‌ಐ ಕೂಡ ಇಲ್ಲ. ಯಾವ ಕಂಪೆನಿಗೆ ಹೊಲಿದೆ ಎಂದು ತೋರಿಸಲು ಗೇಟ್ ಪಾಸ್ ಇದ್ದರೆ ಪುಣ್ಯ. 

2020ರ ಮಾರ್ಚ್ 24ರ ರಾತ್ರಿ ಪ್ರಧಾನಿ ಲಾಕ್‌ಡೌನ್ ಘೋಷಿಸಿದಾಗ ದೇಶಕ್ಕೆ ಸಿಕ್ಕ ಕಾಲಾವಕಾಶ ನಾಲ್ಕು ಗಂಟೆ. ಮಾರ್ಚ್ 28ರಂದು ದೆಹಲಿಯ ಆನಂದ್ ವಿಹಾರ್ ಬಸ್ ನಿಲ್ದಾಣದಲ್ಲಿ ಗಂಟು ಮೂಟೆ ಹೊತ್ತು ನೆರೆದ ಸಾವಿರಾರು ಜನರ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು. ಮರುದಿನವೇ ಕೇಂದ್ರ ಗೃಹ ಸಚಿವಾಲಯ ವಿಪತ್ತು ನಿರ್ವಹಣಾ ಕಾಯ್ದೆಯಡಿ ಆದೇಶ ಹೊರಡಿಸಿತು. ಮುಚ್ಚಿದ ಅವಧಿಗೂ ಮಾಲೀಕರು ಕಡಿತವಿಲ್ಲದೆ ಸಂಬಳ ಕೊಡಬೇಕು, ಮನೆ ಮಾಲೀಕರು ಒಂದು ತಿಂಗಳು ಬಾಡಿಗೆ ಕೇಳಬಾರದು ಎಂದಿತು. ಓದಲು ಸೊಗಸಾದ ಆದೇಶ. ಆದರೆ ಠೇಕೇದಾರನ ಮೂಲಕ ಹೊಲಿದವನು ಯಾವ ಮಾಲೀಕನ ಬಳಿ ಹೋಗಿ ಕೇಳಬೇಕು? ಕಂಪೆನಿ ಇವನು ನಮ್ಮವನಲ್ಲ ಎನ್ನುತ್ತದೆ. ಠೇಕೇದಾರನ ಫೋನ್ ಸ್ವಿಚ್ ಆಫ್. ಆದೇಶವೂ ಬಹಳ ದಿನ ಬಾಳಲಿಲ್ಲ; ಮೇ 18ರಿಂದ ಅದು ಜಾರಿಯಲ್ಲಿ ಉಳಿಯಲಿಲ್ಲ. ಕಾರ್ಖಾನೆ ಮಾಲೀಕರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರು. ಜೂನ್ 12ರಂದು ಕೋರ್ಟು, ಮಾಲೀಕರೂ ಕಾರ್ಮಿಕರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಲಿ ಎಂದಿತು. ಹಸಿದವನೂ ಮಾಲೀಕನೂ ಸರಿಸಮನಾಗಿ ಕೂರುವ ಮೇಜು ಯಾವ ಊರಿನಲ್ಲಿದೆಯೋ ತಿಳಿಯದು.

ಬಾಡಿಗೆಯ ಕಥೆಯೂ ಹೀಗೆಯೇ. ಕಾಪಸ್‌ಹೇಡಾದ ವಠಾರಗಳಲ್ಲಿ ಸಾಲು ಸಾಲು ಒಂಟಿ ಕೋಣೆಗಳು, ಮಹಡಿಗೆ ಒಂದೋ ಎರಡೋ ಶೌಚಾಲಯ. ಎಷ್ಟೋ ಕಡೆ ಕೆಳಗಿನ ದಿನಸಿ ಅಂಗಡಿಯೂ ಮನೆ ಮಾಲೀಕನದೇ. ಬಾಡಿಗೆಗಿದ್ದವರು ಅಕ್ಕಿ ಬೇಳೆ ಅಲ್ಲಿಯೇ ಕೊಳ್ಳಬೇಕೆಂಬ ಅಲಿಖಿತ ಕಟ್ಟಳೆ, ದರ ಹೊರಗಿಗಿಂತ ಹೆಚ್ಚು. ಸಂಬಳ ನಿಂತಾಗ ಬಾಡಿಗೆಯ ಸಾಲ, ದಿನಸಿಯ ಸಾಲ ಎರಡೂ ಒಂದೇ ಪುಸ್ತಕದಲ್ಲಿ ಏರಿದವು. ಬಾಡಿಗೆ ಕಟ್ಟಲಾಗದ ಬಡವರ ಪರವಾಗಿ ಸರ್ಕಾರವೇ ಕಟ್ಟುತ್ತದೆ ಎಂದು ದೆಹಲಿಯ ಆಗಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಮಾರ್ಚ್ 29ರಂದು ಹೇಳಿದ್ದರು. ಈ ಮಾತಿಗೆ ಕಾನೂನಿನ ಬಲವಿದೆ ಎಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2021ರ ಜುಲೈನಲ್ಲಿ ತೀರ್ಪಿತ್ತಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ತಡೆ ನೀಡಿತು.

2020ರ ಮೇ ಆರಂಭದಲ್ಲಿ ಕಾಪಸ್‌ಹೇಡಾದ ಒಂದೇ ಕಟ್ಟಡದಲ್ಲಿ 41 ಮಂದಿಗೆ ಸೋಂಕು ತಗಲಿದ್ದು ಸುದ್ದಿಯಾಯಿತು. ಒಂದೇ ನಲ್ಲಿ, ಒಂದೇ ಶೌಚಾಲಯ ಇರುವ ಕಡೆ ‘ದೋ ಗಜ್ ದೂರಿ’ ಪಾಲಿಸುವುದು ಹೇಗೆ? ಹರಿಯಾಣ ಸರ್ಕಾರ ದೆಹಲಿ ಗಡಿಯನ್ನು ಮುಚ್ಚಿತು. ಕಾರ್ಖಾನೆಗಳು ನಿಧಾನವಾಗಿ ತೆರೆದ ಮೇಲೂ ಗಡಿಯ ಈಚೆ ಮಲಗುವ ಟೈಲರಿಗೆ ಗಡಿಯ ಆಚೆಯ ಮೆಷಿನ್ ಮುಟ್ಟಲು ಆಗಲಿಲ್ಲ. ಆ ವರ್ಷ ಊರಿಗೆ ನಡೆದುಹೋದವರಲ್ಲಿ ಇಂಥ ಹೊಲಿಗೆಯವರೂ ಇದ್ದರು. ಅವರಿಗೆ ಯಾರು ಎಷ್ಟು ಬಾಕಿ ಉಳಿಸಿಕೊಂಡರು ಎಂಬುದಕ್ಕೆ ಲೆಕ್ಕಪತ್ರವೇ ಇಲ್ಲ. ಲೆಕ್ಕಪತ್ರ ಇಲ್ಲದ್ದರಿಂದ ಮೊಕದ್ದಮೆಯೂ ಇಲ್ಲ, ಪರಿಹಾರವೂ ಇಲ್ಲ.

ಶ್ರೀರಂಗಪಟ್ಟಣದ ಗೇಟಿನ ಮುಂದೆ

ಈಗ ಮಂಡ್ಯ ಜಿಲ್ಲೆಗೆ ಬರೋಣ. ಶ್ರೀರಂಗಪಟ್ಟಣದಲ್ಲಿ ಗೋಕಲದಾಸ್ ಎಕ್ಸ್‌ಪೋರ್ಟ್ಸ್ ಕಂಪೆನಿಯ ‘ಯೂರೊ ಕ್ಲೋದಿಂಗ್ ಕಂಪೆನಿ–2’ ಎಂಬ ಘಟಕವಿತ್ತು. ಸುಮಾರು 1,200 ಕಾರ್ಮಿಕರು, ಬಹುತೇಕ ಎಲ್ಲರೂ ಹೆಂಗಸರು. ಹೊಲಿಯುತ್ತಿದ್ದದ್ದು ಸ್ವೀಡನ್ನಿನ ಎಚ್ ಆ್ಯಂಡ್ ಎಂ ಬ್ರ್ಯಾಂಡಿಗೆ. ಬೆಳಿಗ್ಗೆ ಬೇಗ ಎದ್ದು ಅಡುಗೆ ಮುಗಿಸಿ, ಮಕ್ಕಳನ್ನು ಅಜ್ಜಿಗೊಪ್ಪಿಸಿ, ಡಬ್ಬಿ ಹಿಡಿದು ‘ಗಾರ್ಮೆಂಟ್ಸ್‌ಗೆ ಹೋಗ್ತೀನಿ’ ಎಂದು ವ್ಯಾನ್ ಹತ್ತುವ ಹೆಂಗಸರು ಮಂಡ್ಯ, ಮದ್ದೂರು, ರಾಮನಗರ, ದೊಡ್ಡಬಳ್ಳಾಪುರದ ಕಡೆ ಈಗ ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಬೆಂಗಳೂರಿನಲ್ಲಿ ಬಾಡಿಗೆಯೂ ಕನಿಷ್ಠ ವೇತನವೂ ಹೆಚ್ಚು. ಸಣ್ಣ ಊರುಗಳಲ್ಲಿ ಎರಡೂ ಕಡಿಮೆ. ಸರ್ಕಾರದ ಜವಳಿ ನೀತಿಯ ರಿಯಾಯಿತಿಯೂ ಸೇರಿ ಕಾರ್ಖಾನೆಗಳು ತಾಲ್ಲೂಕುಗಳತ್ತ ಬಂದವು.

ಈ ಘಟಕದಲ್ಲಿ ಅಪರೂಪದ ಸಂಗತಿಯೊಂದಿತ್ತು: ಬಹುಪಾಲು ಕಾರ್ಮಿಕರು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ (ಗಾಟ್ವು) ಸದಸ್ಯರಾಗಿದ್ದರು. ಉಡುಪು ಕಾರ್ಖಾನೆಗಳಲ್ಲಿ ಸಂಘದ ಹೆಸರೆತ್ತಿದರೇ ಸೂಪರ್‌ವೈಸರ್ ಕಣ್ಣು ಕೆಂಪಾಗುವ ರಾಜ್ಯದಲ್ಲಿ ಇದು ಸಣ್ಣ ಮಾತಲ್ಲ.

2020ರ ಜೂನ್ ಮೊದಲ ವಾರದಲ್ಲಿ ಮೆಷಿನ್‌ಗಳನ್ನು ಹೊರಗೆ ಸಾಗಿಸುವ ಪ್ರಯತ್ನ ನಡೆದಾಗ ಕಾರ್ಮಿಕರು ಅಡ್ಡ ನಿಂತರು. ಜೂನ್ 6ರಂದು ಲೇ ಆಫ್ ನೋಟಿಸ್ ಬಂತು. ಆರ್ಡರ್ ಇಲ್ಲ, ಅರ್ಧ ಸಂಬಳ ಕೊಡುತ್ತೇವೆ, ಮನೆಯಲ್ಲಿರಿ ಎಂಬುದು ಅದರ ಸಾರ. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಲೇ ಆಫ್ ಮಾಡಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು ಎಂದು ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿತ್ತು. ಅನುಮತಿ ಪಡೆದಿಲ್ಲ, ಇದು ಅಕ್ರಮ ಎಂದು ಸಂಘ ವಾದಿಸಿತು. ಕಂಪೆನಿಯ ಉಳಿದ ಘಟಕಗಳು ನಡೆಯುತ್ತಿರುವಾಗ ಸಂಘ ಗಟ್ಟಿಯಾಗಿರುವ ಘಟಕವನ್ನೇ ಆರಿಸಿ ಮುಚ್ಚಿದ್ದೇಕೆ ಎಂಬುದು ಅದರ ಮುಖ್ಯ ಪ್ರಶ್ನೆ. ಕೋವಿಡ್‌ನಿಂದ ಆರ್ಡರ್ ಕುಸಿದದ್ದೇ ಕಾರಣ ಎಂದು ಕಂಪೆನಿ ಹೇಳಿತು. ಕಾರ್ಖಾನೆಯವರಿಗೂ ಸಂಘಕ್ಕೂ ಕಾನೂನಿನ ವ್ಯಾಖ್ಯಾನದಲ್ಲಿ ಭಿನ್ನಾಭಿಪ್ರಾಯವಿದೆ, ಎರಡೂ ಕಡೆಯವರೊಂದಿಗೆ ಮಾತಾಡುತ್ತಿದ್ದೇವೆ ಎಂಬುದು ಎಚ್ ಆ್ಯಂಡ್ ಎಂ ನಿಲುವಾಗಿತ್ತು.

ಹೆಂಗಸರು ಗೇಟಿನ ಮುಂದೆ ಕೂತರು. ಒಂದು ದಿನ ಎರಡು ದಿನವಲ್ಲ, ಜೂನ್ ಕಳೆದು ಜುಲೈ ಬಂದರೂ ಕದಲಲಿಲ್ಲ. ಕೋವಿಡ್ ಭಯ, ಮಳೆ, ಮನೆಯವರ ಗೊಣಗಾಟ ಎಲ್ಲವನ್ನೂ ತಡೆದುಕೊಂಡರು. ಆದರೆ ಹೊಟ್ಟೆಪಾಡಿನ ಗಡಿಯಾರ ಮಾಲೀಕರದಕ್ಕಿಂತ ವೇಗವಾಗಿ ಓಡುತ್ತದೆ. ಜುಲೈ ಮುಗಿಯುವ ಹೊತ್ತಿಗೆ ಹೆಚ್ಚಿನವರು ರಾಜೀನಾಮೆ ಬರೆದು ಸೆಟ್ಲ್‌ಮೆಂಟ್ ಹಣ ತೆಗೆದುಕೊಂಡರು. ಒತ್ತಡ ಹಾಕಿ ಬರೆಸಿಕೊಂಡರು ಎಂದು ಸಂಘ ದೂರಿತು.

ಅಲ್ಲಿಗೆ ಮುಗಿಯಬಹುದಾಗಿದ್ದ ಕಥೆ ಮುಗಿಯಲಿಲ್ಲ. ಎಚ್ ಆ್ಯಂಡ್ ಎಂ 2015ರಲ್ಲಿ ‘ಇಂಡಸ್ಟ್ರಿಆಲ್’ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟದೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ತನಗೆ ಹೊಲಿಯುವ ಕಾರ್ಖಾನೆಗಳಲ್ಲಿ ಸಂಘಟನೆಯ ಹಕ್ಕಿಗೆ ಧಕ್ಕೆಯಾಗಬಾರದು ಎಂಬ ಮಾತು ಅದರಲ್ಲಿತ್ತು. ಆ ಕಾಗದ ಹಿಡಿದು ಗಾಟ್ವು ಶ್ರೀರಂಗಪಟ್ಟಣದ ದೂರನ್ನು ಸ್ಟಾಕ್‌ಹೋಮ್‌ವರೆಗೆ ಮುಟ್ಟಿಸಿತು. 2021ರ ಆರಂಭದಲ್ಲಿ ಕಂಪೆನಿ, ಗಾಟ್ವು, ಇಂಡಸ್ಟ್ರಿಆಲ್ ನಡುವೆ ಒಪ್ಪಂದವಾಯಿತು. ಕೆಲಸ ಕಳೆದುಕೊಂಡವರಿಗೆ ಕಂಪೆನಿಯ ಬೇರೆ ಘಟಕಗಳಲ್ಲಿ ಮತ್ತೆ ಕೆಲಸ, ಸಂಘಕ್ಕೆ ಮಾನ್ಯತೆ. ಮುಚ್ಚಿದ ಘಟಕ ತೆರೆಯಲಿಲ್ಲ. ಮನೆ ಹತ್ತಿರದ ಕೆಲಸ ದೂರದ ಕೆಲಸವಾಯಿತು. ಹಾಗಿದ್ದರೂ ಕೋವಿಡ್ ಕಾಲದಲ್ಲಿ ಬ್ರ್ಯಾಂಡಿನ ಸರಪಳಿಯ ತುದಿಯಲ್ಲಿದ್ದವರು ಏನನ್ನಾದರೂ ಮರಳಿ ಪಡೆದ ಕೆಲವೇ ಪ್ರಕರಣಗಳಲ್ಲಿ ಇದೊಂದು.

ದಿನಕ್ಕೆ ಹದಿನಾರು ರೂಪಾಯಿ

ಕಾರ್ಖಾನೆ ಮುಚ್ಚುವುದು ಕಣ್ಣಿಗೆ ಕಾಣುತ್ತದೆ. ಪೇ ಸ್ಲಿಪ್ಪಿನ ಒಂದು ಅಂಕಣದಲ್ಲಿ ನಡೆಯುವುದು ಕಾಣುವುದಿಲ್ಲ.

ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕೆಯ ಪೇ ಸ್ಲಿಪ್ ಅಂಗೈಯಗಲದ ಚೀಟಿ. ಎಡಗಡೆ ಬರುವ ಹಣ: ಬೇಸಿಕ್, ವಿಡಿಎ, ಓಟಿ ಇದ್ದರೆ ಓಟಿ. ಬಲಗಡೆ ಹೋಗುವ ಹಣ: ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75, ಕ್ಯಾಂಟೀನ್ ಅಥವಾ ವ್ಯಾನ್ ಖರ್ಚು. ಎಡಗಡೆಯ ವಿಡಿಎ ಎಂದರೆ ವ್ಯತ್ಯಸ್ತ ತುಟ್ಟಿಭತ್ಯೆ. ಬೆಲೆ ಏರಿಕೆಯ ಸೂಚ್ಯಂಕ ನೋಡಿ ಪ್ರತಿ ವರ್ಷ ಏಪ್ರಿಲ್ 1ರಿಂದ ಸರ್ಕಾರ ಅದನ್ನು ಏರಿಸುತ್ತದೆ. ಇದು ಇನಾಮೂ ಅಲ್ಲ, ಬೋನಸ್ಸೂ ಅಲ್ಲ. ಕನಿಷ್ಠ ವೇತನದ ಭಾಗ. 2020ರ ಏಪ್ರಿಲ್‌ಗೆ ಬರಬೇಕಿದ್ದ ಏರಿಕೆ ತಿಂಗಳಿಗೆ 417 ರೂಪಾಯಿ. ಇಪ್ಪತ್ತಾರು ದಿನಕ್ಕೆ ಭಾಗಿಸಿದರೆ ದಿನಕ್ಕೆ 16 ರೂಪಾಯಿ.

ಕಾರ್ಖಾನೆಗಳ ಒತ್ತಾಯಕ್ಕೆ ಮಣಿದ ರಾಜ್ಯ ಸರ್ಕಾರ 2020ರ ಜುಲೈನಲ್ಲಿ ಈ ಏರಿಕೆಯನ್ನು ಒಂದು ವರ್ಷ ಮುಂದೂಡಿತು. ಕಾರ್ಮಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು. ಸೆಪ್ಟೆಂಬರಿನಲ್ಲಿ ಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಹಿಂಬಾಕಿ ಸಮೇತ ಕೊಡಬೇಕು ಎಂದಿತು. ಆದರೂ ಕೊಡಲಿಲ್ಲ. ಒಂದಿಬ್ಬರಲ್ಲ, ಇಡೀ ಉದ್ಯಮವೇ ಕೊಡಲಿಲ್ಲ. ಇದನ್ನು ಬೆನ್ನುಹತ್ತಿದ ಅಮೆರಿಕದ ವರ್ಕರ್ಸ್ ರೈಟ್ಸ್ ಕನ್ಸಾರ್ಷಿಯಂ ಪ್ರಕಾರ, ಹಣ ಸಿಗದವರ ಸಂಖ್ಯೆ 4 ಲಕ್ಷಕ್ಕೂ ಹೆಚ್ಚು. ಅದೇ ಲೆಕ್ಕ ಹಿಡಿದರೆ ತಿಂಗಳಿಗೆ 16 ಕೋಟಿ 68 ಲಕ್ಷ ರೂಪಾಯಿ ಹೆಂಗಸರ ಕೈ ಸೇರದೆ ಕಾರ್ಖಾನೆಗಳಲ್ಲೇ ಉಳಿಯಿತು. ಈ ಕಾರ್ಖಾನೆಗಳಲ್ಲಿ ಹೊಲಿಸಿಕೊಳ್ಳುತ್ತಿದ್ದದ್ದು ಜಗತ್ತಿನ ಹೆಸರಾಂತ ಬ್ರ್ಯಾಂಡ್‌ಗಳು. ಅವರೆಲ್ಲರ ನೀತಿ ಸಂಹಿತೆಯಲ್ಲೂ ಸ್ಥಳೀಯ ಕನಿಷ್ಠ ವೇತನ ಕೊಡಲೇಬೇಕು ಎಂಬ ವಾಕ್ಯ ಇದೆ. ಬ್ರ್ಯಾಂಡ್‌ಗಳ ಪರವಾಗಿ ಆಡಿಟ್ ಮಾಡುವವರು ವರ್ಷವಿಡೀ ಬಂದುಹೋಗುತ್ತಿದ್ದರು. ಶೌಚಾಲಯ ಚೊಕ್ಕಟವಾಗಿದೆಯೇ, ಬೆಂಕಿ ಆರಿಸುವ ಸಿಲಿಂಡರ್ ತೂಗುಹಾಕಿದ್ದಾರೆಯೇ ಎಂದು ನೋಡಿ ಟಿಕ್ ಹಾಕಿದರು. ಪೇ ಸ್ಲಿಪ್ಪಿನ ವಿಡಿಎ ಅಂಕಣ ಕಾಣಲಿಲ್ಲವೋ, ಕಂಡರೂ ಕಾಣದಂತೆ ಇದ್ದರೋ.

ಕೊನೆಗೆ 2021ರ ಡಿಸೆಂಬರಿನಲ್ಲಿ, ಈ ಸುದ್ದಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ಬಂದ ಮೇಲೆ, ದೇಶದ ಅತಿ ದೊಡ್ಡ ಉಡುಪು ರಫ್ತು ಕಂಪೆನಿಗಳಲ್ಲಿ ಒಂದಾದ ಶಾಹಿ ಎಕ್ಸ್‌ಪೋರ್ಟ್ಸ್ ಹಿಂಬಾಕಿ ಸಮೇತ ಕೊಡಲು ಒಪ್ಪಿತು. ಬೇರೆ ಕಂಪೆನಿಗಳೂ ಅದೇ ದಾರಿ ಹಿಡಿದವು. ಹೈಕೋರ್ಟಿನ ಮಾತಿಗೆ ಬಗ್ಗದ ಉದ್ಯಮ ಲಂಡನ್ನಿನ ಪತ್ರಿಕೆಯ ಸುದ್ದಿಗೆ ಬಗ್ಗಿತು. ಇದು ಪತ್ರಿಕೋದ್ಯಮದ ಹೆಮ್ಮೆಯ ಮಾತಾಗಬಹುದು, ನಮ್ಮ ಕಾರ್ಮಿಕ ಇಲಾಖೆಗೆ ನಾಚಿಕೆಯ ಮಾತು.

ದಿನಕ್ಕೆ ಹದಿನಾರು ರೂಪಾಯಿ ಎಂದರೆ ಏನು ಮಹಾ ಎನ್ನುವವರಿದ್ದಾರೆ. ಒಂಬತ್ತು ಹತ್ತು ಸಾವಿರದ ಆಸುಪಾಸಿದ್ದ ಆಗಿನ ಸಂಬಳದಲ್ಲಿ ಬಾಡಿಗೆ, ಚೀಟಿ ಕಂತು, ಸ್ವಸಹಾಯ ಸಂಘದ ಸಾಲ, ಗ್ಯಾಸ್ ಸಿಲಿಂಡರ್ ಕಳೆದ ಮೇಲೆ ಉಳಿಯುವ ಹಣದಲ್ಲಿ 417 ರೂಪಾಯಿ ಮಕ್ಕಳ ಹಾಲಿನ ಲೆಕ್ಕ. ವರ್ಷಕ್ಕೆ 5,004 ರೂಪಾಯಿ, ಹೆಚ್ಚುಕಡಿಮೆ ಅರ್ಧ ತಿಂಗಳ ದುಡಿಮೆ.

ಏನು ಕೆಲಸ ಮಾಡಿತು, ಏನು ಮಾಡಲಿಲ್ಲ

ಕಾಪಸ್‌ಹೇಡಾ, ಶ್ರೀರಂಗಪಟ್ಟಣ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಿಕ್ಕಟ್ಟು ಬಂದಾಗ ಉಳಿದದ್ದು ಬರವಣಿಗೆಯಲ್ಲಿ ಇದ್ದದ್ದು ಮಾತ್ರ. ಬ್ರ್ಯಾಂಡಿಗೆ ಫೋರ್ಸ್ ಮಜೂರ್ ಸಾಲಿತ್ತು, ಪಾರಾಯಿತು. ಶ್ರೀರಂಗಪಟ್ಟಣದ ಹೆಂಗಸರಿಗೆ ಪೇ ಸ್ಲಿಪ್, ಸಂಘದ ಸದಸ್ಯತ್ವ, ಜಾಗತಿಕ ಒಪ್ಪಂದದ ಒಂದು ಪ್ರತಿ ಇತ್ತು; ಅರ್ಧವಾದರೂ ಗೆದ್ದರು. ಕಾಪಸ್‌ಹೇಡಾದ ಟೈಲರಿಗೆ ಏನೂ ಇರಲಿಲ್ಲ. ಅವನ ನಷ್ಟ ಯಾವ ಅಂಕಿಅಂಶದಲ್ಲೂ ಸೇರಲಿಲ್ಲ. ಬ್ರ್ಯಾಂಡಿನ ಒಳ್ಳೆಯತನ, ಸರ್ಕಾರದ ಮನವಿ, ಕಂಪೆನಿಯ ಕುಟುಂಬಪ್ರೀತಿಯ ಭಾಷಣ ಯಾವುದೂ ಅವನ ನೆರವಿಗೆ ಬರಲಿಲ್ಲ.

ಇನ್ನೆರಡು ಉದಾಹರಣೆಗಳೂ ಇದನ್ನೇ ಹೇಳುತ್ತವೆ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಮಂದಿ ಸತ್ತರು. ಅದಕ್ಕೆ ಮುಂಚೆಯೂ ಆಡಿಟ್‌ಗಳಿದ್ದವು, ನೀತಿ ಸಂಹಿತೆಗಳಿದ್ದವು. ಬ್ರ್ಯಾಂಡ್‌ಗಳು ಮತ್ತು ಸಂಘಗಳು ಕಾನೂನುಬದ್ಧ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಬಾಂಗ್ಲಾದೇಶದ ಕಾರ್ಖಾನೆ ಕಟ್ಟಡಗಳು ನಿಜವಾಗಿ ದುರಸ್ತಿಯಾದವು. ನಮ್ಮ ನೆರೆಯ ತಮಿಳುನಾಡಿನ ದಿಂಡಿಗಲ್‌ನಲ್ಲಿ ಎಚ್ ಆ್ಯಂಡ್ ಎಂಗೆ ಹೊಲಿಯುತ್ತಿದ್ದ ನಾಚಿ ಅಪರೆಲ್ ಕಾರ್ಖಾನೆಯ ದಲಿತ ಯುವತಿಯೊಬ್ಬಳ ಕೊಲೆ 2021ರ ಜನವರಿಯಲ್ಲಾಯಿತು. ಹೆಣ್ಣುಮಕ್ಕಳೇ ನಡೆಸುವ ತಮಿಳುನಾಡು ಜವಳಿ ಕಾರ್ಮಿಕರ ಸಂಘ ಪಟ್ಟು ಬಿಡಲಿಲ್ಲ. 2022ರಲ್ಲಿ ಕಂಪೆನಿಯೂ ಬ್ರ್ಯಾಂಡೂ ಲೈಂಗಿಕ ಕಿರುಕುಳ ತಡೆಯುವ, ಮುರಿದರೆ ಕ್ರಮ ಎದುರಿಸಬೇಕಾದ ಒಪ್ಪಂದಕ್ಕೆ ಸಹಿ ಹಾಕಿದವು. ಕಟ್ಟಡಕ್ಕೆ, ಮಾನಕ್ಕೆ ಸಾಧ್ಯವಾದದ್ದು ಕೂಲಿಗೆ ಇನ್ನೂ ಸಾಧ್ಯವಾಗಿಲ್ಲ. ಆರ್ಡರ್ ರದ್ದಾದರೆ ಹೊಲಿದಷ್ಟಕ್ಕೆ ಹಣ, ಕಾರ್ಖಾನೆ ಮುಚ್ಚಿದರೆ ಕಾರ್ಮಿಕರ ಪರಿಹಾರಕ್ಕೆ ಬ್ರ್ಯಾಂಡೂ ಹೊಣೆ ಎಂದು ಬರೆದು ಸಹಿ ಹಾಕುವ ಕೆಲಸ ಬಾಕಿಯಿದೆ.

ಬೀದಿಗಿಳಿದು ಗೆದ್ದದ್ದೂ ಉಂಟು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತುಂಬಿದ ಗಾರ್ಮೆಂಟ್ಸ್ ಹೆಂಗಸರನ್ನು ಊರು ಮರೆತಿಲ್ಲ. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣ 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮ ಅವರನ್ನು ಕೆರಳಿಸಿತ್ತು. ಯಾವ ದೊಡ್ಡ ಸಂಘದ ಕರೆಯೂ ಇಲ್ಲದೆ ಎದ್ದ ಹೋರಾಟ ಅದು. ಎರಡನೆಯ ದಿನ ಸಂಜೆಯೊಳಗೆ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಮದುವೆ, ಹೆರಿಗೆ, ಮನೆ ರಿಪೇರಿಗೆ ಪಿಎಫ್ ಒಂದೇ ಗತಿಯಾದವರ ಸಿಟ್ಟು ಎಷ್ಟು ದೊಡ್ಡದೆಂದು ಆಗ ದೆಹಲಿಗೂ ಗೊತ್ತಾಯಿತು.

ಮತ್ತೆ ಅದೇ ಪಾಠ

2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಸರಕಿನ ಮೇಲೆ ಶೇ 50ರ ಸುಂಕ ಹೇರಿದಾಗ ತಿರುಪ್ಪೂರು, ನೊಯಿಡಾ, ಸೂರತ್‌ಗಳಲ್ಲಿ ಜವಳಿ ತಯಾರಕರು ಉತ್ಪಾದನೆ ನಿಲ್ಲಿಸಿದ್ದಾರೆ ಎಂದು ರಫ್ತುದಾರರ ಒಕ್ಕೂಟವೇ ಹೇಳಿತು. ರೋಗದ ಜಾಗದಲ್ಲಿ ಸುಂಕ ಬಂತು. ಭಾರ ಇಳಿಯುವ ದಾರಿ ಹಳೆಯದೇ: ಬ್ರ್ಯಾಂಡಿನಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಠೇಕೇದಾರನಿಗೆ, ಅಲ್ಲಿಂದ ಮೆಷಿನ್ ಮುಂದೆ ಕೂತವರಿಗೆ.

ಈ ಸಲ ಕಾನೂನಿನ ಆಸರೆಯೂ ತೆಳುವಾಗಿದೆ. 2020ರ ಸೆಪ್ಟೆಂಬರಿನಲ್ಲಿ, ಕೋವಿಡ್ ನಡುವೆಯೇ, ಸಂಸತ್ತು ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ಅಂಗೀಕರಿಸಿತು. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ಲೇ ಆಫ್ ಮಾಡಲು, ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕೆಂಬ ನಿಯಮ ಈಗ ಅನ್ವಯಿಸುವುದು 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಮಾತ್ರ. ಮುಂಚೆ ಈ ಮಿತಿ 100 ಆಗಿತ್ತು. ಶ್ರೀರಂಗಪಟ್ಟಣದ ಹೆಂಗಸರು ನೆಚ್ಚಿಕೊಂಡಿದ್ದ ಆ ಕಲಮು ನೂರೈವತ್ತು, ಇನ್ನೂರು ಮೆಷಿನ್‌ಗಳ ಕಾರ್ಖಾನೆಯಲ್ಲಿ ದುಡಿಯುವವರಿಗೆ ಇನ್ನು ಸಿಗುವುದಿಲ್ಲ. ಹೊಸ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ ಎಂದು ಕೇಂದ್ರ ಸರ್ಕಾರ ಹೇಳುತ್ತಿದೆ. ಅದು ಕಾಪಸ್‌ಹೇಡಾದ ಕೋಣೆಯವರೆಗೆ ಬಂದು ಮುಟ್ಟಿದರೆ ಅಷ್ಟರ ಮಟ್ಟಿಗೆ ಒಳ್ಳೆಯದು. ಅದನ್ನು ಮುಟ್ಟಿಸಬೇಕಾದ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರರನ್ನು ಮಾತ್ರ ಹೊಸ ಕಾನೂನು ‘ಸುಗಮಗಾರ’ ಎಂದೂ ಕರೆದಿದೆ. ಸುಗಮ ಯಾರಿಗೆ ಎಂಬುದನ್ನು ಮುಂದಿನ ಬಿಕ್ಕಟ್ಟು ಹೇಳುತ್ತದೆ.

ಅಗ್ಗದ ಅಂಗಿ ಕೊಳ್ಳಬೇಡಿ ಎಂದು ಓದುಗರಿಗೆ ಉಪದೇಶಿಸುವುದು ಸುಲಭ; ಅದರಿಂದ ಹೊಲಿಯುವವರ ಹೊಟ್ಟೆ ತುಂಬುವುದಿಲ್ಲ, ಆರ್ಡರ್ ಇನ್ನಷ್ಟು ಕಡಿಮೆಯಾದೀತು ಅಷ್ಟೆ. ಮಾಡಬೇಕಾದ್ದು ಬೇರೆ ಇದೆ. ರಾಜ್ಯ ಸರ್ಕಾರ ಜವಳಿ ನೀತಿಯಡಿ ರಿಯಾಯಿತಿ ಕೊಡುವಾಗ ಕನಿಷ್ಠ ವೇತನವನ್ನು ತುಟ್ಟಿಭತ್ಯೆ ಸಮೇತ ಕೊಟ್ಟಿರುವುದಕ್ಕೆ ಪುರಾವೆ ಕೇಳಲಿ. ಬಾಕಿ ಉಳಿಸಿಕೊಂಡ ಕಾರ್ಖಾನೆಗಳ ಪಟ್ಟಿಯನ್ನು ಕಾರ್ಮಿಕ ಇಲಾಖೆ ಬಹಿರಂಗ ಮಾಡಲಿ. ನಮ್ಮ ಶಾಸಕರು ಅಧಿವೇಶನದಲ್ಲಿ ಇದನ್ನು ಒಮ್ಮೆಯಾದರೂ ಪ್ರಶ್ನೆ ಮಾಡಲಿ. ರಾಜ್ಯದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮತದಾರರ ಸಂಬಳದ ವಿಷಯ ಇದು.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕ, ತಂಗಿ, ಅತ್ತಿಗೆ ಇದ್ದರೆ ಇಷ್ಟು ಮಾಡಿ. ನೇಮಕಾತಿ ಪತ್ರ ಕೇಳಿ ಪಡೆಯಲು ಹೇಳಿ. ಪ್ರತಿ ತಿಂಗಳ ಪೇ ಸ್ಲಿಪ್, ಪಿಎಫ್‌ನ ಯುಎಎನ್ ಸಂಖ್ಯೆ, ಇಎಸ್‌ಐ ಕಾರ್ಡು ಜೋಪಾನವಾಗಿಡಲು ಹೇಳಿ. ಮೊಬೈಲಿನಲ್ಲಿ ಫೋಟೊ ತೆಗೆದುಕೊಡಿ. ಏಪ್ರಿಲ್ ತಿಂಗಳ ಸಂಬಳ ಬಂದಾಗ ವಿಡಿಎ ಅಂಕಣ ಏರಿದೆಯೇ ಎಂದು ಜೊತೆಗೆ ಕೂತು ನೋಡಿ. ಏರಿಲ್ಲದಿದ್ದರೆ ಒಬ್ಬಳೇ ಹೋಗಿ ಕೇಳುವುದು ಬೇಡ, ಸಂಘದ ಮೂಲಕ ಕೇಳಲಿ. ಸಂಘ ಇಲ್ಲದಿದ್ದರೆ ಕಟ್ಟಲಿ.